ಹಂದಿಗೆ ರಂಜಕ: ಚೀಲದಲ್ಲಿ ಇರುವುದೆಷ್ಟು, ಮೈಗೆ ಹತ್ತುವುದೆಷ್ಟು?

ಹಂದಿ ಸಾಕುವ ನಮ್ಮಂಥ ಸಣ್ಣ ರೈತರಲ್ಲಿ ಎರಡು ಥರದವರಿದ್ದಾರೆ. ತೌಡು, ಬೂಸ, ಹಿಂಡಿ ಧಾರಾಳ ಹಾಕಿದರೆ ಸಾಕು, ಖನಿಜದ ಪುಡಿಗೆ ದುಡ್ಡು ಸುರಿಯುವುದು ದಂಡ ಅನ್ನುವವರು ಒಂದು ಕಡೆ. ಮರಿ ಸ್ವಲ್ಪ ಕುಂಟಿದ ಕೂಡಲೇ ಅಂಗಡಿಗೆ ಓಡಿ, ಅಲ್ಲಿ ಯಾವ ಬಿಳಿ ಪುಡಿ ಕೊಡುತ್ತಾರೋ ಅದನ್ನು ಬೊಗಸೆಗಟ್ಟಲೆ ಬಾನಿಗೆ ಸುರಿಯುವವರು ಇನ್ನೊಂದು ಕಡೆ. ಇಬ್ಬರಿಗೂ ನಷ್ಟವೇ. ಮೊದಲನೆಯವರ ಹಂದಿ ತಿಂದಷ್ಟು ಬೆಳೆಯುವುದಿಲ್ಲ, ತಾಯಿ ಹಂದಿ ಕಾಲು ಕಳೆದುಕೊಳ್ಳುತ್ತದೆ. ಎರಡನೆಯವರ ದುಡ್ಡು ಗೊಬ್ಬರದ ಗುಂಡಿ ಸೇರುತ್ತದೆ, ಕೆಲವೊಮ್ಮೆ ಹಂದಿಯ ಮೂಳೆಗೆ ವಿಷವೂ ಸೇರುತ್ತದೆ.

ರಂಜಕ ಅಂದರೆ ಫಾಸ್ಫರಸ್. ಹೊಲಕ್ಕೆ ಹಾಕುವ ಎನ್‌ಪಿಕೆಯಲ್ಲಿ ನಡುವೆ ಇರುವ ಪಿ ಅಂತಾರಲ್ಲ, ಅದೇ. ಹಂದಿಯ ಮೈಯಲ್ಲಿರುವ ರಂಜಕದಲ್ಲಿ ಹೆಚ್ಚಿನ ಪಾಲು ಸುಣ್ಣದಂಶದ ಜೊತೆ ಸೇರಿ ಮೂಳೆಯಲ್ಲಿರುತ್ತದೆ. ಉಳಿದದ್ದು ಮಾಂಸದಲ್ಲಿ, ರಕ್ತದಲ್ಲಿ. ತಿಂದ ಆಹಾರ ಶಕ್ತಿಯಾಗಿ ಮಾರ್ಪಡುವ ಕೆಲಸ ರಂಜಕವಿಲ್ಲದೆ ನಡೆಯುವುದಿಲ್ಲ. ಅದಕ್ಕೇ ರಂಜಕ ಕಡಿಮೆಯಾದರೆ ಮೊದಲು ಕಾಣುವುದು ಕಾಲಿನಲ್ಲಿ ಅಲ್ಲ, ಬಾನಿಯಲ್ಲಿ. ಮರಿ ಮೇವು ಬಿಡುತ್ತದೆ. ತಿಂದರೂ ಅದಕ್ಕೆ ತಕ್ಕ ತೂಕ ಬರುವುದಿಲ್ಲ. ಮೈಗೂದಲು ಒರಟಾಗುತ್ತದೆ. ಗೋಡೆ ನೆಕ್ಕುವುದು, ಕಟ್ಟಿಗೆ ಕಡಿಯುವುದು ಶುರುವಾಗುತ್ತದೆ. ಕಾಲು ಬಿಗಿದು ಕುಂಟುವುದು, ಹಿಂಗಾಲು ಎಳೆಯುವುದು ಇವೆಲ್ಲ ಆಮೇಲೆ. ಕುಂಟಿದ ದಿನ ನಾವು ಎಚ್ಚೆತ್ತರೆ, ಅಷ್ಟರಲ್ಲಿ ಒಂದೆರಡು ತಿಂಗಳ ಬೆಳವಣಿಗೆ ಹೋಗಿಯೇ ಇರುತ್ತದೆ.

ಬೀಗ ಹಾಕಿದ ರಂಜಕ

ಕಾಳು, ತೌಡು, ಬೂಸ, ಹಿಂಡಿ ಎಲ್ಲದರಲ್ಲೂ ರಂಜಕ ಉಂಟು. ತೌಡು, ಬೂಸದಲ್ಲಂತೂ ರಾಶಿ ಉಂಟು. ಆದರೆ ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಫೈಟೇಟ್ ಎಂಬ ರೂಪದಲ್ಲಿ ಕಟ್ಟಿಹಾಕಿಕೊಂಡಿರುತ್ತದೆ. ಬೀಜ ಮೊಳೆಯುವಾಗ ಸಸಿಗೆ ಬೇಕು ಅಂತ ಗಿಡ ಕೂಡಿಟ್ಟ ಬುತ್ತಿ ಅದು. ಈ ಬೀಗ ತೆಗೆಯುವ ಕೀಲಿಕೈ ಫೈಟೇಸ್ ಎಂಬ ಕಿಣ್ವ. ದನ, ಕುರಿ, ಮೇಕೆಗೆ ಮೆಲುಕು ಹಾಕುವ ದೊಡ್ಡ ಹೊಟ್ಟೆಯಿದೆ. ಅಲ್ಲಿರುವ ಸೂಕ್ಷ್ಮಜೀವಿಗಳು ಆ ಕೀಲಿಕೈ ತಯಾರಿಸಿ ಬೀಗ ತೆಗೆಯುತ್ತವೆ. ಹಂದಿಗೆ ನಮ್ಮ ಹಾಗೆ ಒಂದೇ ಹೊಟ್ಟೆ. ಅದರಲ್ಲಿ ಈ ಕೀಲಿಕೈ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ದನಕ್ಕೆ ಸಾಕಾಗುವ ಬೂಸದ ರಂಜಕ ಹಂದಿಯ ಹೊಟ್ಟೆ ಹೊಕ್ಕು ಹಾಗೆಯೇ ಹೊರಗೆ ಬರುತ್ತದೆ.

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ (ಎನ್‌ಆರ್‌ಸಿ) 1998ರಲ್ಲಿ ಹಂದಿ ಆಹಾರದ ಬಗ್ಗೆ ಪುಸ್ತಕ ಮಾಡಿದೆ. ನಮ್ಮ ಪಶುವೈದ್ಯರ ಹತ್ತಿರ ಅದರ ಪಟ್ಟಿ ಇತ್ತು. ಯಾವ ಮೇವಿನಲ್ಲಿ ಒಟ್ಟು ರಂಜಕ ಎಷ್ಟು, ಅದರಲ್ಲಿ ಹಂದಿಗೆ ದಕ್ಕುವುದೆಷ್ಟು ಎಂದು ಎರಡೂ ಅದರಲ್ಲಿದೆ. 2012ರಲ್ಲಿ ಅದನ್ನು ತಿದ್ದಿ ಹೊಸ ಕ್ರಮದ ಲೆಕ್ಕ ಕೊಟ್ಟಿದ್ದಾರೆ. ಆದರೆ ಕೊಟ್ಟಿಗೆಯಲ್ಲಿ ಕೂತು ಲೆಕ್ಕ ಹಾಕುವ ನಮಗೆ ಹಳೆಯದೇ ಸುಲಭ, ಉತ್ತರದಲ್ಲಿ ದೊಡ್ಡ ತಪ್ಪೇನೂ ಆಗುವುದಿಲ್ಲ. ಏಳನೇ ತರಗತಿಯ ಶೇಕಡಾ ಲೆಕ್ಕ ಬಂದರೆ ಸಾಕು.

ಮುಸುಕಿನ ಜೋಳದಲ್ಲಿ ರಂಜಕ ನೂರಕ್ಕೆ 0.28. ಅದರಲ್ಲಿ ದಕ್ಕುವುದು ನೂರರಲ್ಲಿ 14 ಪಾಲು ಮಾತ್ರ. ಗೋಧಿ ಬೂಸದಲ್ಲಿ 1.2, ದಕ್ಕುವುದು 29 ಪಾಲು. ಅಕ್ಕಿ ತೌಡಿನಲ್ಲಿ 1.6ರಷ್ಟು, ದಕ್ಕುವುದು 25 ಪಾಲು. ಸೋಯಾ ಹಿಂಡಿಯಲ್ಲಿ 0.65ರಷ್ಟು, ದಕ್ಕುವುದು ಹೆಚ್ಚುಕಡಿಮೆ ಕಾಲು ಭಾಗ. ಕಡ್ಲೆಕಾಯಿ ಹಿಂಡಿಯಲ್ಲಿ 0.6, ದಕ್ಕುವುದು ಬರೀ 12 ಪಾಲು. ಮೀನಿನ ಪುಡಿಯಲ್ಲಿ 2ರಿಂದ 3ರಷ್ಟು ಇದ್ದು ಹೆಚ್ಚುಕಡಿಮೆ ಪೂರ್ತಿ ದಕ್ಕುತ್ತದೆ, ಯಾಕೆಂದರೆ ಅದು ಮೀನಿನ ಮೂಳೆಯ ರಂಜಕ, ಬೀಗವಿಲ್ಲದ್ದು. ಡೈಕ್ಯಾಲ್ಸಿಯಂ ಫಾಸ್ಫೇಟ್, ಅಂದರೆ ಡಿಸಿಪಿ ಪುಡಿಯಲ್ಲಿ ರಂಜಕ 18, ಜೊತೆಗೆ ಸುಣ್ಣದಂಶ 23ರ ಆಸುಪಾಸು. ಇದೂ ಹೆಚ್ಚುಕಡಿಮೆ ಪೂರ್ತಿ ದಕ್ಕುತ್ತದೆ.

ನೂರು ಕಿಲೋದ ಲೆಕ್ಕ

20ರಿಂದ 50 ಕಿಲೋ ತೂಕದ ಮರಿಗಳಿಗೆ ಒಂದು ಮಿಶ್ರಣ ಮಾಡೋಣ. ಮುಸುಕಿನ ಜೋಳ 50 ಕಿಲೋ, ಗೋಧಿ ಬೂಸ 20, ಸೋಯಾ ಹಿಂಡಿ 14, ಕಡ್ಲೆಕಾಯಿ ಹಿಂಡಿ 13. ಒಟ್ಟು 97. ಉಳಿದ 3 ಕಿಲೋದ ಜಾಗ ಉಪ್ಪು, ಖನಿಜ, ಜೀವಸತ್ವಕ್ಕೆ. (ಬರೀ ಕಡ್ಲೆಕಾಯಿ ಹಿಂಡಿ ಹಾಕಿದರೆ ಮರಿ ಬೆಳೆಯಲು ಬೇಕಾದ ಲೈಸಿನ್ ಸಾಲದು, ಅದಕ್ಕೇ ಸೋಯಾ. ಕಡ್ಲೆಕಾಯಿ ಹಿಂಡಿ ಬೂಸ್ಟು ಹಿಡಿದಿದ್ದರೆ ಹಾಕಲೇಬೇಡಿ, ಅದು ಬೇರೆಯೇ ಕಥೆ.)

ಒಟ್ಟು ರಂಜಕ ನೋಡಿ. ಜೋಳದಿಂದ 140 ಗ್ರಾಂ, ಬೂಸದಿಂದ 240, ಸೋಯಾದಿಂದ 91, ಕಡ್ಲೆಕಾಯಿ ಹಿಂಡಿಯಿಂದ 78. ಕೂಡಿದರೆ 549 ಗ್ರಾಂ. ಈ ವಯಸ್ಸಿನ ಮರಿಗೆ ನೂರು ಕಿಲೋ ಮೇವಿನಲ್ಲಿ ಒಟ್ಟು 500 ಗ್ರಾಂ ರಂಜಕ ಇರಬೇಕು ಅನ್ನುತ್ತದೆ ಪಟ್ಟಿ. ಕಾಗದದ ಮೇಲೆ ಸಾಕಷ್ಟಾಗಿ 49 ಗ್ರಾಂ ಉಳಿದೂ ಇದೆ. ‘ಬೂಸ ಇದ್ದರೆ ಪುಡಿ ಯಾಕೆ’ ಅನ್ನುವವರ ವಾದ ಇಲ್ಲಿಗೆ ಸರಿ.

ಈಗ ದಕ್ಕುವ ರಂಜಕ ನೋಡಿ. ಜೋಳದಿಂದ 20 ಗ್ರಾಂ, ಬೂಸದಿಂದ 70, ಸೋಯಾದಿಂದ 23, ಕಡ್ಲೆಕಾಯಿ ಹಿಂಡಿಯಿಂದ 9. ಕೂಡಿದರೆ 122 ಗ್ರಾಂ. ಬೇಕಾದ್ದು 230 ಗ್ರಾಂ. ಅರ್ಧದಷ್ಟೂ ಖಾಲಿ ಅಂತಲೇ ಇಟ್ಟುಕೊಳ್ಳಿ. 108 ಗ್ರಾಂ ಕೊರತೆ.

ಈ 108 ಗ್ರಾಂ ತುಂಬಲು 18ರ ಡಿಸಿಪಿ 600 ಗ್ರಾಂ ಬೇಕು. ನೂರು ಕಿಲೋಗೆ ಬರೀ 600 ಗ್ರಾಂ! ಎರಡು ಕಿಲೋ, ಮೂರು ಕಿಲೋ ಹಾಕುವವರನ್ನು ನೋಡಿದ್ದೇನೆ. ಜಾಸ್ತಿ ಹಾಕಿದ್ದಕ್ಕೆ ಹಂದಿ ಜಾಸ್ತಿ ಬೆಳೆಯುವುದಿಲ್ಲ. ಬೇಕಾದಷ್ಟು ಉಳಿಸಿಕೊಂಡು ಮಿಕ್ಕಿದ್ದನ್ನು ಹೊರಗೆ ಹಾಕುತ್ತದೆ.

ಹಂದಿ ದೊಡ್ಡದಾದಂತೆ ಈ ಕೊರತೆ ಇಳಿಯುತ್ತದೆ. 50ರಿಂದ 80 ಕಿಲೋ ತೂಕದಲ್ಲಿ ದಕ್ಕುವ ರಂಜಕ 190 ಗ್ರಾಂ ಇದ್ದರೆ ಸಾಕು, ಅಂದರೆ ಇದೇ ಮಿಶ್ರಣಕ್ಕೆ ಡಿಸಿಪಿ 400 ಗ್ರಾಂ ಸಾಕು. 80 ಕಿಲೋ ದಾಟಿದ ಮೇಲೆ 150 ಗ್ರಾಂ, ಆಗ ಡಿಸಿಪಿ 150ರಿಂದ 200 ಗ್ರಾಂ. ಮಾರುವ ತನಕ ಒಂದೇ ಅಳತೆ ಹಾಕುತ್ತಾ ಹೋಗುವುದು ದುಡ್ಡಿನ ದಂಡ. ಹಂದಿ ಅತಿ ಹೆಚ್ಚು ಮೇವು ತಿನ್ನುವುದು ಈ ಕೊನೆಯ ಹಂತದಲ್ಲೇ ಅಲ್ಲವೇ?

ಈ ಪಟ್ಟಿ ಬೇಗ ಬೆಳೆಯುವ ಸೀಮೆ ಹಂದಿಗೆ ಮಾಡಿದ್ದು. ನಮ್ಮಲ್ಲಿ ಯಾರ್ಕ್‌ಶೈರ್ ಅಥವಾ ಅದರ ಬೆರಕೆ ಸಾಕುವವರಿಗೆ ಚೆನ್ನಾಗಿ ಹೊಂದುತ್ತದೆ. ನಾಟಿ ಕರಿ ಹಂದಿ ನಿಧಾನ ಬೆಳೆಯುವುದರಿಂದ ಅದಕ್ಕೆ ಇಷ್ಟು ಬಿಗಿ ಲೆಕ್ಕ ಬೇಡ.

ಸುಣ್ಣದ ಪುಡಿ ಒಂದನ್ನೇ ಹಾಕುವ ಅಪಾಯ

ರಂಜಕ ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಸುಣ್ಣದಂಶದ ಜೊತೆ ಜೋಡಿ. ಮೇಲಿನ ಮಿಶ್ರಣದಲ್ಲಿ ಸುಣ್ಣದಂಶ ಬಹಳ ಬಡ, ನೂರು ಕಿಲೋದಲ್ಲಿ 115 ಗ್ರಾಂ ಬಂದರೆ ಹೆಚ್ಚು. ಬೇಕಾದ್ದು 600 ಗ್ರಾಂ. ಡಿಸಿಪಿ 600 ಗ್ರಾಂನಿಂದ 138 ಗ್ರಾಂ ಬರುತ್ತದೆ. ಉಳಿದದ್ದಕ್ಕೆ ಸುಣ್ಣಕಲ್ಲಿನ ಪುಡಿ 900 ಗ್ರಾಂ ಹಾಕಬೇಕು. ಕಪ್ಪೆಚಿಪ್ಪಿನ ನುಣ್ಣನೆ ಪುಡಿಯೂ ಆಗುತ್ತದೆ. ಸುಟ್ಟ ಸುಣ್ಣ ಹಾಕಬೇಡಿ, ಬಾಯಿ ಹೊಟ್ಟೆ ಸುಡುತ್ತದೆ.

ಸುಣ್ಣಕಲ್ಲಿನ ಪುಡಿ ಅಗ್ಗ, ಡಿಸಿಪಿ ತುಟ್ಟಿ. ಹಾಗಾಗಿ ಬಹಳ ಜನ ಸುಣ್ಣದ ಪುಡಿ ಮಾತ್ರ ಹಾಕಿ ‘ಕ್ಯಾಲ್ಸಿಯಂ ಕೊಡ್ತಾ ಇದ್ದೀನಿ’ ಅಂತ ಸಮಾಧಾನ ಪಟ್ಟುಕೊಳ್ಳುತ್ತಾರೆ. ಏನೂ ಹಾಕದೆ ಇರುವುದಕ್ಕಿಂತ ಇದು ಕೆಟ್ಟದ್ದು. ರಂಜಕ ಕಡಿಮೆ ಇರುವಾಗ ಸುಣ್ಣದಂಶ ಜಾಸ್ತಿಯಾದರೆ, ಅದು ಫೈಟೇಟಿಗೆ ಅಂಟಿಕೊಂಡು ಬೀಗವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ದಕ್ಕುತ್ತಿದ್ದ ಅಲ್ಪಸ್ವಲ್ಪವೂ ಹೋಗುತ್ತದೆ, ಸತುವೂ ಸಿಗದೆ ಚರ್ಮದ ಮೇಲೆ ಹೊಪ್ಪಳೆ ಏಳಬಹುದು. ದಕ್ಕುವ ರಂಜಕ ಒಂದಿದ್ದರೆ ಸುಣ್ಣದಂಶ ಎರಡರಿಂದ ಮೂರು ಪಾಲು, ಅದಕ್ಕೆ ಮೇಲೆ ಬೇಡ. ಮೇಲಿನ ಲೆಕ್ಕದಲ್ಲಿ 230ಕ್ಕೆ 600, ಸರಿಯಾಗಿದೆ. ಡಿಸಿಪಿ ಬಿಟ್ಟು ಸುಣ್ಣದ ಪುಡಿಯಿಂದಲೇ 600 ಮಾಡಿದರೆ 122ಕ್ಕೆ 600, ಐದು ಪಾಲು ಆಯಿತು.

ರಾಗಿ ಸೀಮೆಯವರಿಗೆ ಇಲ್ಲಿ ಒಂದು ಅನುಕೂಲ ಉಂಟು. ರಾಗಿಯಲ್ಲಿ ರಂಜಕ ಜೋಳದಷ್ಟೇ, 0.28. ಆದರೆ ಸುಣ್ಣದಂಶ 0.34. ಜೋಳದಲ್ಲಿ 0.03 ಮಾತ್ರ. 50 ಕಿಲೋ ಜೋಳದ ಬದಲು ಮಾರಲಾಗದ ಜೊಳ್ಳು, ಮುಗ್ಗಲಾಗದ ರಾಗಿ ಹಾಕಿದರೆ ಅದೊಂದರಿಂದಲೇ 170 ಗ್ರಾಂ ಸುಣ್ಣದಂಶ ಬರುತ್ತದೆ. ಆಗ ಸುಣ್ಣಕಲ್ಲಿನ ಪುಡಿ 900 ಗ್ರಾಂನಿಂದ 500–600 ಗ್ರಾಂಗೆ ಇಳಿಸಬಹುದು. ಡಿಸಿಪಿ ಮಾತ್ರ ಇಳಿಸುವ ಹಾಗಿಲ್ಲ. ‘ರಾಗಿ ತಿಂದರೆ ಮೂಳೆ ಗಟ್ಟಿ’ ಎಂಬ ಮಾತನ್ನು ಹಂದಿಗೆ ಹೇಳುವಾಗ ಅರ್ಧ ನಿಜ ಅಂತ ತಿಳಿಯಬೇಕು. ರಾಗಿಯನ್ನು ಚೆನ್ನಾಗಿ ಬೀಸಿ ಹಾಕಿ, ಇಡೀ ಕಾಳು ಹಾಗೆಯೇ ಹೊರಗೆ ಹೋಗುತ್ತದೆ.

ತಾಯಿ ಹಂದಿ ಯಾಕೆ ಕೂತುಬಿಡುತ್ತದೆ

ನಮ್ಮ ಪಕ್ಕದೂರಿನಲ್ಲಿ ಒಬ್ಬರ ಹತ್ತಿರ ಒಳ್ಳೇ ತಾಯಿ ಹಂದಿ ಇತ್ತು. ಮೂರನೇ ಸೂಲಿನಲ್ಲಿ ಹತ್ತು ಮರಿ ಹಾಕಿ ಒಂಬತ್ತು ಉಳಿದಿದ್ದವು. ಮರಿಗಳು ಗುಂಡುಗುಂಡಾಗಿ ಬೆಳೆದಿದ್ದವು. ನಾಲ್ಕನೇ ವಾರ ಒಂದು ಬೆಳಿಗ್ಗೆ ತಾಯಿ ಮುಂಗಾಲೂರಿ ನಾಯಿ ಕೂತ ಹಾಗೆ ಕೂತಿದ್ದು ಮೇಲೇಳಲೇ ಇಲ್ಲ. ನನ್ನನ್ನು ಕರೆಸಿದರು. ‘ಯಾರ ಕಣ್ಣು ಬಿತ್ತೋ ಅಣ್ಣ, ನೆನ್ನೆ ತಂಕ ಚೆನ್ನಾಗಿತ್ತು’ ಅಂದರು. ಏನು ಹಾಕ್ತಿದ್ದೀಯಪ್ಪ ಅಂತ ಕೇಳಿದೆ. ರಾಗಿ ಹಿಟ್ಟು, ಅಕ್ಕಿ ತೌಡು, ಹೋಟೆಲಿನ ಅನ್ನ, ಸ್ವಲ್ಪ ಹಿಂಡಿ. ಹೊಟ್ಟೆ ತುಂಬ ಹಾಕುತ್ತಿದ್ದರು, ಅದರಲ್ಲಿ ಕೊರತೆ ಮಾಡಿರಲಿಲ್ಲ. ಡಾಕ್ಟ್ರು ಬಂದು ಸೂಜಿ ಹಾಕಿದರು, ಎರಡು ದಿನ ನೋಡಿದರು. ಸೊಂಟದ ಹತ್ತಿರ ಮೂಳೆ ಮುರಿದಿದೆ ಅಂದರು. ಕೊನೆಗೆ ತಾಯಿಯನ್ನು ಮಾಂಸಕ್ಕೇ ಕೊಡಬೇಕಾಯಿತು. ಮರಿಗಳಿಗೆ ಬಾಟಲಿ ಹಾಲು.

ಇದರ ಲೆಕ್ಕವೂ ಸರಳ. ಹಂದಿ ಹಾಲಿನಲ್ಲಿ ಲೀಟರಿಗೆ ಸುಮಾರು ಒಂದೂವರೆ ಗ್ರಾಂ ರಂಜಕ, ಎರಡು ಗ್ರಾಂ ಸುಣ್ಣದಂಶ ಇರುತ್ತದೆ. ಒಳ್ಳೇ ತಾಯಿ ದಿನಕ್ಕೆ 6 ಲೀಟರ್ ಹಾಲು ಕೊಟ್ಟರೆ 9 ಗ್ರಾಂ ರಂಜಕ ಮರಿಗಳ ಹೊಟ್ಟೆ ಸೇರಿತು. ನಾನು ಮೇಲೆ ಹೇಳಿದ ಮಿಶ್ರಣವನ್ನು ಡಿಸಿಪಿ ಇಲ್ಲದೆ ದಿನಕ್ಕೆ 4 ಕಿಲೋ ಹಾಕಿದರೆ ದಕ್ಕುವುದು 5 ಗ್ರಾಂ. ತಾಯಿಯ ಮೈಗೂ ಬೇಕು, ಹಾಲಿಗೂ ಬೇಕು. ಉಳಿದ ರಂಜಕ ಎಲ್ಲಿಂದ ಬಂತು? ಮೂಳೆಯಿಂದ. ಮರಿಗಳು ಚೆನ್ನಾಗಿಯೇ ಬೆಳೆಯುತ್ತವೆ, ಯಾಕೆಂದರೆ ತಾಯಿ ತನ್ನ ಮೂಳೆ ಕರಗಿಸಿ ಹಾಲಿಗೆ ಕೊಡುತ್ತದೆ. ಒಂದು ಸೂಲಿನಲ್ಲಿ ಗೊತ್ತಾಗುವುದಿಲ್ಲ, ಎರಡನೆಯದರಲ್ಲೂ ತಡೆಯುತ್ತದೆ. ಹೆಚ್ಚು ಮರಿ, ಹೆಚ್ಚು ಹಾಲು ಇರುವ ಒಳ್ಳೇ ತಾಯಿಯೇ ಮೊದಲು ಬೀಳುವುದು.

ಹಾಲೂಡುವ ಮತ್ತು ಗಬ್ಬದ ಹಂದಿಗೆ ನೂರು ಕಿಲೋ ಮೇವಿನಲ್ಲಿ ದಕ್ಕುವ ರಂಜಕ 350 ಗ್ರಾಂ ಇರಬೇಕು. ಇದೇ ಮಿಶ್ರಣಕ್ಕೆ ಡಿಸಿಪಿ ಒಂದೂಕಾಲು ಕಿಲೋ, ಸುಣ್ಣಕಲ್ಲಿನ ಪುಡಿ 900 ಗ್ರಾಂ.

ತಳಿಗೆ ಉಳಿಸಿಕೊಳ್ಳುವ ಹೆಣ್ಣು ಮರಿಗಳ ವಿಷಯ ಇದಕ್ಕೇ ಸೇರಿದ್ದು. ಮೈ ಬೆಳೆಯಲು ಸಾಕಾಗುವ ರಂಜಕ ಮೂಳೆ ಪೂರ್ತಿ ಗಟ್ಟಿಯಾಗಲು ಸಾಲುವುದಿಲ್ಲ. ಅದಕ್ಕೆ ನೂರು ಕಿಲೋದಲ್ಲಿ ಇನ್ನೂ 100 ಗ್ರಾಂ ರಂಜಕ ಬೇಕು ಎಂದು ಪುಸ್ತಕ ಹೇಳುತ್ತದೆ, ಅಂದರೆ ಡಿಸಿಪಿ ಇನ್ನೂ 550 ಗ್ರಾಂ. ಆರೇಳು ತಿಂಗಳಿಗೆ ಮಾಂಸಕ್ಕೆ ಹೋಗುವ ಮರಿಗೆ ಈ ಖರ್ಚು ಬೇಡ. ಮೂರು ನಾಲ್ಕು ವರ್ಷ ಸೂಲು ಹೊರಬೇಕಾದ್ದಕ್ಕೆ ಬೇಕೇ ಬೇಕು. ಹಾಗಾಗಿ ಹೆಣ್ಣು ಮರಿಗಳನ್ನು ಬೇಗ ಆರಿಸಿ ಬೇರೆ ಬಾನಿಗೆ ಹಾಕುವುದು ಒಳ್ಳೆಯದು. ಇವಕ್ಕೆ ದಿನವೂ ಸ್ವಲ್ಪ ಬಿಸಿಲು ಬೀಳಲಿ. ಬಿಸಿಲಿನಿಂದ ಸಿಗುವ ಡಿ ಜೀವಸತ್ವ ಇಲ್ಲದಿದ್ದರೆ ಹಾಕಿದ ಖನಿಜ ಮೂಳೆಗೆ ಇಳಿಯುವುದಿಲ್ಲ. ಪೂರ್ತಿ ಶೀಟು ಮುಚ್ಚಿದ ಶೆಡ್ಡಿನಲ್ಲಿ ಸಾಕುವವರು ಇದನ್ನು ಮರೆಯುತ್ತಾರೆ.

ಗೊಬ್ಬರದ ಅಂಗಡಿಯ ಪುಡಿ ಬೇಡ

‘ಡಿಎಪಿಯಲ್ಲಿ 46 ರಂಜಕ ಉಂಟು, ಡಿಸಿಪಿಯಲ್ಲಿ 18 ಮಾತ್ರ, ಡಿಎಪಿಯನ್ನೇ ಒಂದು ಹಿಡಿ ಹಾಕಿದರೆ ಆಗದಾ?’ ಈ ಪ್ರಶ್ನೆಯನ್ನು ನನಗೆ ಹಲವರು ಕೇಳಿದ್ದಾರೆ. ಮೊದಲನೆಯದಾಗಿ ಆ ಎರಡು ಅಂಕಿ ಒಂದೇ ಅಳತೆಯವಲ್ಲ. ಗೊಬ್ಬರದ ಚೀಲದ ಮೇಲೆ ಬರೆಯುವುದು ರಂಜಕದ ಆಕ್ಸೈಡಿನ ಲೆಕ್ಕ, ಪಶು ಆಹಾರದ ಚೀಲದ ಮೇಲೆ ಶುದ್ಧ ರಂಜಕದ ಲೆಕ್ಕ. ಗೊಬ್ಬರದ ಅಂಕಿಯನ್ನು 0.44ರಿಂದ ಗುಣಿಸಿದರೆ ಶುದ್ಧ ರಂಜಕ ಸಿಗುತ್ತದೆ. ಡಿಎಪಿಯ 46 ಅಂದರೆ ಶುದ್ಧ ರಂಜಕ 20. ಸೂಪರ್ ಫಾಸ್ಫೇಟಿನ 16 ಅಂದರೆ 7. ಡಿಸಿಪಿಯ 18 ಅಂದರೆ ಗೊಬ್ಬರದ ಭಾಷೆಯಲ್ಲಿ 41. ಅಂಗಡಿಯವರು ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳಿದಾಗ ಮೋಸ ಹೋಗಬೇಡಿ.

ಎರಡನೆಯದು, ಡಿಎಪಿಯಲ್ಲಿ ಅಮೋನಿಯಾ ರೂಪದ ಸಾರಜನಕ ನೂರಕ್ಕೆ 18 ಇದೆ. ಹಂದಿಗೆ ಅದು ಪ್ರಯೋಜನಕ್ಕಿಲ್ಲ, ಜಾಸ್ತಿಯಾದರೆ ವಿಷ. ಮೂರನೆಯದೇ ದೊಡ್ಡದು, ಫ್ಲೋರಿನ್.

ರಂಜಕದ ಗೊಬ್ಬರಗಳ ಮೂಲ ಶಿಲಾರಂಜಕ, ಅಂದರೆ ರಾಕ್ ಫಾಸ್ಫೇಟ್. ನಮ್ಮ ದೇಶದಲ್ಲಿ ರಾಜಸ್ಥಾನದ ಉದಯಪುರದ ಹತ್ತಿರ ಝಾಮರ್‌ಕೋಟ್ರಾದಲ್ಲಿ ದೊಡ್ಡ ಗಣಿ ಇದೆ. ಈ ಕಲ್ಲಿನಲ್ಲಿ ರಂಜಕದ ಜೊತೆಗೆ ಫ್ಲೋರಿನ್ ನೂರಕ್ಕೆ 3ರಿಂದ 4ರಷ್ಟಿರುತ್ತದೆ. ಪಶು ಆಹಾರದ ಡಿಸಿಪಿ ಮಾಡುವಾಗ ಇದನ್ನು ತೆಗೆದಿರಬೇಕು. ರಂಜಕ ನೂರಿದ್ದರೆ ಫ್ಲೋರಿನ್ ಒಂದಕ್ಕಿಂತ ಹೆಚ್ಚಿರಬಾರದು ಎಂಬುದು ಅಮೆರಿಕದವರ ಪಶು ಆಹಾರದ ಅಳತೆ. ಗೊಬ್ಬರಕ್ಕೆ ಅಂಥ ನಿರ್ಬಂಧವಿಲ್ಲ, ಗಿಡ ಕೇಳುವುದಿಲ್ಲ.

ಮೇಲಿನ 108 ಗ್ರಾಂ ಕೊರತೆಯನ್ನು ರಾಕ್ ಫಾಸ್ಫೇಟಿನಿಂದ ತುಂಬಲು ಹೋದೆವು ಅಂತ ಇಟ್ಟುಕೊಳ್ಳಿ. ಅದರಲ್ಲಿ ಶುದ್ಧ ರಂಜಕ 13ರಷ್ಟು. 830 ಗ್ರಾಂ ಬೇಕಾಯಿತು. ಅದರ ಜೊತೆ 29 ಗ್ರಾಂ ಫ್ಲೋರಿನ್ ನೂರು ಕಿಲೋ ಮೇವಿಗೆ ಸೇರಿತು, ಕಿಲೋಗೆ 290 ಮಿಲಿಗ್ರಾಂ. ಹಂದಿ ತಡೆಯುವ ಮಿತಿ 150. ಅಷ್ಟಾದರೂ ಕೊರತೆ ತುಂಬಿತೇ ಎಂದರೆ ಅದೂ ಇಲ್ಲ, ರಾಕ್ ಫಾಸ್ಫೇಟಿನ ರಂಜಕ ಅರ್ಧವೂ ದಕ್ಕುವುದಿಲ್ಲ.

ಫ್ಲೋರಿನ್ ಏನು ಮಾಡುತ್ತದೆ ಎಂದು ಪಾವಗಡದ ಕಡೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕೊಳವೆಬಾವಿ ನೀರು ಕುಡಿದು ಮಕ್ಕಳ ಹಲ್ಲು ಕಂದಾಗಿದ್ದು, ನಡುವಯಸ್ಸಿಗೇ ಸೊಂಟ ಬಾಗಿದ್ದು ಕಣ್ಣೆದುರಿಗೇ ಇದೆ. ಹಂದಿಗೆ ಆಗುವುದೂ ಅದೇ. ಮೂಳೆ ದಪ್ಪವಾಗಿ ಪೆಡಸಾಗುತ್ತದೆ, ಕೀಲು ಬಿಗಿಯುತ್ತದೆ, ಮೇವು ಬಿಡುತ್ತದೆ. ಬೇಗ ಮಾರುವ ಮರಿಯಲ್ಲಿ ಕಾಣದೆ ಹೋಗಬಹುದು, ವರ್ಷಗಟ್ಟಲೆ ಇಡುವ ತಾಯಿಯಲ್ಲಿ ಕಾಣುತ್ತದೆ. ನೀರಿನಲ್ಲೇ ಫ್ಲೋರೈಡ್ ಇರುವ ಊರಿನವರು ಪುಡಿಯ ವಿಷಯದಲ್ಲಿ ಎರಡು ಪಟ್ಟು ಜಾಗ್ರತೆ ವಹಿಸಬೇಕು.

ಡಿಸಿಪಿ ಕೊಳ್ಳುವಾಗ ಹೊಲಿಗೆ ಬಿಚ್ಚದ ಚೀಲ ಕೇಳಿ. ಪಶು ಆಹಾರದ ದರ್ಜೆ ಎಂದು ಬರೆದಿರಬೇಕು, ರಂಜಕ ಮತ್ತು ಫ್ಲೋರಿನ್ ಎಷ್ಟೆಂದು ಇರಬೇಕು. ಸಂತೆಯಲ್ಲಿ ಬಿಡಿಯಾಗಿ ತೂಗಿ ಕೊಡುವ ‘ಮಿನರಲ್ ಪುಡಿ’ಯಲ್ಲಿ ಸುಣ್ಣಕಲ್ಲು, ಮಾರ್ಬಲ್ ಪುಡಿ ಬೆರೆಸಿರುತ್ತಾರೆ. ಅದಕ್ಕೆ ಅಡುಗೆಮನೆಯ ಪರೀಕ್ಷೆ ಒಂದಿದೆ. ಒಂದು ಚಮಚ ಪುಡಿಗೆ ನಿಂಬೆಹಣ್ಣು ಹಿಂಡಿ. ಸುಣ್ಣಕಲ್ಲಿನ ಪುಡಿಯಾದರೆ ಬುಸಬುಸನೆ ನೊರೆ ಬರುತ್ತದೆ. ಒಳ್ಳೇ ಡಿಸಿಪಿ ನೊರೆಯುವುದಿಲ್ಲ, ನೊರೆದರೂ ಎಲ್ಲೋ ನಾಲ್ಕು ಗುಳ್ಳೆ. ಇದರಿಂದ ಸುಣ್ಣದ ಕಲಬೆರಕೆ ಗೊತ್ತಾಗುತ್ತದೆಯೇ ಹೊರತು ಫ್ಲೋರಿನ್ ಗೊತ್ತಾಗುವುದಿಲ್ಲ. ಅದಕ್ಕೆ ಚೀಲದ ಬರಹವನ್ನೇ ನಂಬಬೇಕು, ಬಿಲ್ಲು ಇಟ್ಟುಕೊಳ್ಳಬೇಕು.

ಮೀನಿನ ಪುಡಿ, ಮೂಳೆ ಪುಡಿ

ಒಳ್ಳೇ ಮೀನಿನ ಪುಡಿ 5 ಕಿಲೋ ಹಾಕಿದರೆ ಆ 108 ಗ್ರಾಂ ಕೊರತೆ ಡಿಸಿಪಿ ಇಲ್ಲದೆಯೇ ತುಂಬುತ್ತದೆ, ಸಸಾರಜನಕವೂ ಬರುತ್ತದೆ. ಹಾಲು ಬಿಡಿಸಿದ ಮರಿಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ನಮ್ಮ ಕಡೆ ಬರುವ ಪುಡಿಯಲ್ಲಿ ಮರಳು, ಉಪ್ಪು ಎಷ್ಟು ಎಂದು ದೇವರೇ ಬಲ್ಲ. ಗಾಜಿನ ಲೋಟದಲ್ಲಿ ನೀರಿಗೆ ಹಾಕಿ ಕದಡಿದರೆ ಮರಳು ತಳಕ್ಕೆ ಕೂರುತ್ತದೆ. ನಾಲಿಗೆಗೆ ಉಪ್ಪು ಹೊಡೆದರೆ ಮೇವಿಗೆ ಬೇರೆ ಉಪ್ಪು ಹಾಕಬೇಡಿ, ನೀರು ಸದಾ ಇರಲಿ. ಮಾರುವುದಕ್ಕೆ ಒಂದು ತಿಂಗಳ ಮೊದಲೇ ಮೀನಿನ ಪುಡಿ ನಿಲ್ಲಿಸಬೇಕು, ಇಲ್ಲವಾದರೆ ಮಾಂಸಕ್ಕೆ ವಾಸನೆ.

ಹಬೆಯಲ್ಲಿ ಬೇಯಿಸಿದ ಮೂಳೆ ಪುಡಿಯಲ್ಲಿ ರಂಜಕ 12, ಸುಣ್ಣದಂಶ 30ರ ಆಸುಪಾಸು, ದಕ್ಕುವುದೂ ಚೆನ್ನ. ಗೊಬ್ಬರಕ್ಕೆ ಮಾರುವ ಹಸಿ ಮೂಳೆ ಪುಡಿ ಮಾತ್ರ ಹಾಕಬೇಡಿ, ನೆರಡಿ ರೋಗದ ಬೀಜ ಅದರಲ್ಲಿ ವರ್ಷಾನುಗಟ್ಟಲೆ ಜೀವಂತ ಇರುತ್ತದೆ. ಬೇಯಿಸಿದ್ದೇ ಆದರೂ ದನದ ಬಾನಿಯ ಹತ್ತಿರ ಇಡಬೇಡಿ. ಮಾಂಸ ಮೂಳೆಯ ಪುಡಿ ತಿಂದ ಬ್ರಿಟನ್ನಿನ ದನಗಳಿಗೆ ಹುಚ್ಚು ರೋಗ ಬಂದು, 1988ರಲ್ಲಿ ಅಲ್ಲಿ ಅದನ್ನು ದನಕ್ಕೆ ಹಾಕುವುದನ್ನೇ ನಿಷೇಧಿಸಿದರು. ಹಂದಿಯೂ ಹಸುವೂ ಒಂದೇ ಮನೆಯಲ್ಲಿ ಇರುವ ನಮ್ಮಂಥವರಿಗೆ ಡಿಸಿಪಿಯೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಬೀಗ ತೆಗೆಯುವುದು ಹೇಗೆ

ಡಿಸಿಪಿ ಹಾಕಿ ಕೊರತೆ ತುಂಬುವುದು ಒಂದು ದಾರಿ. ಬೂಸದಲ್ಲೇ ಇರುವ ರಂಜಕದ ಬೀಗ ತೆಗೆಯುವುದು ಇನ್ನೊಂದು.

ಗೋಧಿ ಮತ್ತು ಗೋಧಿ ಬೂಸದಲ್ಲಿ ಸ್ವಂತ ಫೈಟೇಸ್ ಇದೆ. ಜೋಳ, ಸೋಯಾದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಒಣಗಿರುವಾಗ ಅದು ಸುಮ್ಮನಿರುತ್ತದೆ, ನೀರು ತಾಗಿದರೆ ಕೆಲಸ ಶುರು ಮಾಡುತ್ತದೆ. ರಾತ್ರಿಯೇ ಬೂಸ, ಹಿಟ್ಟು, ಹಿಂಡಿಯನ್ನು ಎರಡೂವರೆ ಪಾಲು ಉಗುರು ಬೆಚ್ಚಗಿನ ನೀರಿನಲ್ಲಿ ಕಲಸಿ ಮುಚ್ಚಿಟ್ಟು ಬೆಳಿಗ್ಗೆ ಹಾಕಿದರೆ ಬೂಸದ ಕಿಣ್ವ ಜೋಳದ ಬೀಗವನ್ನೂ ಸ್ವಲ್ಪ ತೆಗೆದಿರುತ್ತದೆ. ಸ್ವಲ್ಪ ಹುಳಿ ಮಜ್ಜಿಗೆ ಸೇರಿಸಿದರೆ ಇನ್ನೂ ಒಳ್ಳೆಯದು, ಹುಳಿಯಲ್ಲಿ ಅದು ಚುರುಕು. ನೆನೆಯುವುದರ ಗುಣ ಎಷ್ಟೆಂದು ಆ ಪಟ್ಟಿಯಲ್ಲೇ ಕಾಣುತ್ತದೆ. ಒಣ ಜೋಳದ ರಂಜಕ ನೂರಕ್ಕೆ 14 ದಕ್ಕಿದರೆ, ಹಸಿಯಾಗಿ ಗಾಳಿಯಾಡದಂತೆ ಕೂಡಿಟ್ಟ ಜೋಳದ್ದು 53 ದಕ್ಕುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಸುಣ್ಣಕಲ್ಲಿನ ಪುಡಿ, ಡಿಸಿಪಿಯನ್ನು ನೆನೆಹಾಕುವಾಗ ಸೇರಿಸಬೇಡಿ, ಸುಣ್ಣದಂಶ ಈ ಕೆಲಸಕ್ಕೆ ಅಡ್ಡಿ. ಬೆಳಿಗ್ಗೆ ಬಾನಿಗೆ ಹಾಕುವ ಮೊದಲು ಕಲಸಿ. ಮತ್ತೆ ಬೂಸವನ್ನು ಬೇಯಿಸಬೇಡಿ. ಬೆಂದರೆ ಕಿಣ್ವ ಸತ್ತಿತು. ನಮ್ಮ ಕಡೆ ಹೋಟೆಲಿನ ಮಿಕ್ಕಿದ್ದು, ಬೂಸ ಎಲ್ಲ ಒಂದೇ ಹಂಡೆಗೆ ಸುರಿದು ಕುದಿಸುವ ಅಭ್ಯಾಸ ಇದೆ. ಹೋಟೆಲಿನ ಮಿಕ್ಕಿದ್ದನ್ನು ಕುದಿಸಲೇಬೇಕು, ಅದರಲ್ಲಿ ರಾಜಿಯಿಲ್ಲ. 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರ ಇಂಥ ಎಂಜಲಿನ ಮಾಂಸದಿಂದಲೂ ಹರಡುತ್ತದೆ, ಅದಕ್ಕೆ ಮದ್ದಿಲ್ಲ. ಎಂಜಲನ್ನು ಚೆನ್ನಾಗಿ ಕುದಿಸಿ, ಪೂರ್ತಿ ಆರಿದ ಮೇಲೆ ಬೇರೆ ಪಾತ್ರೆಯಲ್ಲಿ ನೆನೆದ ಬೂಸವನ್ನು ಸೇರಿಸಿ. ನೆನೆಹಾಕುವ ಡ್ರಮ್ಮನ್ನು ದಿನವೂ ತೊಳೆಯಬೇಕು. ಬೇಸಿಗೆಯಲ್ಲಿ ಕೊಳೆತ ವಾಸನೆ ಬಂದರೆ ಚೆಲ್ಲಿ.

ಪುಡಿಯಾಗಿ ಸಿಗುವ ಫೈಟೇಸ್ ಕೂಡ ಈಗ ಪಶು ಆಹಾರದ ಅಂಗಡಿಯಲ್ಲಿದೆ. ಕಿಲೋ ಮೇವಿಗೆ 500 ಯೂನಿಟ್ ಸಾಮಾನ್ಯ ಪ್ರಮಾಣ. ಗ್ರಾಮಿಗೆ 5000 ಯೂನಿಟ್ ಎಂದು ಬರೆದಿರುವ ಪುಡಿಯಾದರೆ ನೂರು ಕಿಲೋಗೆ 10 ಗ್ರಾಂ. ಇದು ಬಿಡಿಸಿಕೊಡುವ ರಂಜಕ ನೂರು ಗ್ರಾಂನ ಹತ್ತಿರ, ಅಂದರೆ ಅರ್ಧ ಕಿಲೋ ಡಿಸಿಪಿಯಷ್ಟು. 10 ಗ್ರಾಂ ಪುಡಿಯನ್ನು ನೂರು ಕಿಲೋಗೆ ಸಮನಾಗಿ ಬೆರೆಸುವುದೇ ಕಷ್ಟ. ಮೊದಲು ಒಂದು ಹಿಡಿ ಬೂಸಕ್ಕೆ, ಅದನ್ನು ಒಂದು ಕಿಲೋಗೆ, ಅದನ್ನು ಹತ್ತು ಕಿಲೋಗೆ ಬೆರೆಸುತ್ತಾ ಹೋಗಬೇಕು. ಬಿಸಿ ಮೇವಿಗೆ ಹಾಕಿದರೆ ಇದೂ ಸಾಯುತ್ತದೆ. ಡಬ್ಬ ತೆರೆದು ಬಿಸಿಲಲ್ಲಿ ಇಟ್ಟರೆ ಶಕ್ತಿ ಕಳೆದುಕೊಳ್ಳುತ್ತದೆ. ನಾಲ್ಕು ಹಂದಿ ಇರುವವರಿಗೆ ಇಷ್ಟೆಲ್ಲ ರಗಳೆ ಬೇಡ, ಡಿಸಿಪಿ ಮತ್ತು ನೆನೆಹಾಕುವುದು ಸಾಕು. ನಾಲ್ಕೈದು ಜನ ಸೇರಿ ಒಟ್ಟಿಗೆ ಮೇವು ಬೀಸಿಕೊಳ್ಳುವವರು ಲೆಕ್ಕ ಹಾಕಿ ನೋಡಬಹುದು. ಹಾಲೂಡುವ ತಾಯಿಗೆ ಮಾತ್ರ ಫೈಟೇಸ್ ನಂಬಿ ಡಿಸಿಪಿ ಪೂರ್ತಿ ಬಿಡಬೇಡಿ.

ಈ ಕಿಣ್ವ ಮೊದಲು ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ಹಾಲೆಂಡಿನಲ್ಲಿ. ಅಲ್ಲಿ ಹಂದಿ ಹೆಚ್ಚು, ನೆಲ ಕಡಿಮೆ. ಗೊಬ್ಬರದ ರಂಜಕ ಕಾಲುವೆ ಕೆರೆ ಸೇರಿ ಪಾಚಿ ಕಟ್ಟುತ್ತಿತ್ತು, ಸರ್ಕಾರ ಕಾನೂನು ಬಿಗಿ ಮಾಡಿತು. ನಮ್ಮ ಕಥೆ ಉಲ್ಟಾ. ನಮ್ಮ ಕೆಂಪು ನೆಲಕ್ಕೆ ರಂಜಕ ಸದಾ ಸಾಲದು. ಹಂದಿ ತಿಂದ ರಂಜಕದಲ್ಲಿ ಅರ್ಧಕ್ಕಿಂತ ಹೆಚ್ಚು ಗೊಬ್ಬರದಲ್ಲಿ ಹೊರಬರುತ್ತದೆ, ಬೀಗ ಹಾಕಿದ್ದೂ ಮಣ್ಣಿನ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಿ ನಿಧಾನವಾಗಿ ಬಿಡುತ್ತದೆ. ನಾನು ಹಂದಿ ಗೊಬ್ಬರವನ್ನು ರಾಗಿ ಹುಲ್ಲಿನ ಕಸ, ಮಣ್ಣಿನ ಜೊತೆ ಗುಂಡಿಯಲ್ಲಿ ಪದರಪದರವಾಗಿ ಹಾಕಿ ನಾಲ್ಕು ತಿಂಗಳು ಕೊಳೆಸುತ್ತೇನೆ. ಮುಂಗಾರಿಗೆ ಮೊದಲು ರಾಗಿ ಹೊಲಕ್ಕೆ ಎಳೆದು ಆ ದಿನವೇ ಉತ್ತು ಮುಚ್ಚುತ್ತೇನೆ. ಗೊಬ್ಬರ ಬಿದ್ದ ಪಟ್ಟಿಗೆ ಆ ವರ್ಷ ಡಿಎಪಿ ಅರ್ಧ ಇಳಿಸುತ್ತೇನೆ.